ಚಪ್ಪಲಿ ಕಾಯುವಾಕಿ

ಶಾಲೆಯಲ್ಲಿದ್ದಷ್ಟು ದಿನವೂ ಆಟದ ಪೀರಿಯಡ್ಡಿನಲ್ಲಿ ನನಗೆ ಒಂದೇ ಕೆಲಸ. ಮೈದಾನದ ಬದಿಯ ಬೇವಿನ ಗಿಡದ ಕೆಳಗೆ ಕುಳಿತು ಉಳಿದ ಹುಡುಗಿಯರ ಚಪ್ಪಲಿ ಕಾಯುವುದು. ಖೋಖೋ ಆಡುವವರು ಬರಿಗಾಲಲ್ಲಿ ಆಡಬೇಕು. ಬಿಟ್ಟ ಚಪ್ಪಲಿಯನ್ನು ನಾಯಿ ಒಯ್ಯುತ್ತದೆ. ಆದ್ದರಿಂದ ಒಬ್ಬರು ಕಾಯಲೇಬೇಕು. ಇದರಲ್ಲಿ ಯಾರೂ ತಪ್ಪು ಹುಡುಕುವಂತಿರಲಿಲ್ಲ. ಆ ಒಬ್ಬರು ವರ್ಷವಿಡೀ ನಾನೇ ಆಗಿರಬೇಕು ಎಂಬುದಕ್ಕೆ ಮಾತ್ರ ಬೇರೆ ಕಾರಣವಿತ್ತು. ನನಗೆ ದಮ್ಮು.

ದಮ್ಮು ಅಂದರೆ ಆಸ್ಪತ್ರೆಯ ಚೀಟಿಯಲ್ಲಿ ಬರೆಯುವ ಅಸ್ತಮಾ. ನಮ್ಮ ಊರು ಬೈಲಹೊಂಗಲ ತಾಲೂಕಿನದು, ಸಂಗೊಳ್ಳಿ ದಾಟಿ ಸ್ವಲ್ಪ ಒಳಗೆ. ಹತ್ತಿ ಬಿಡಿಸುವಾಗ ಹತ್ತಿಯ ಧೂಳು, ಜೋಳದ ರಾಶಿಯಲ್ಲಿ ಹೊಟ್ಟಿನ ಧೂಳು, ಬೇಸಿಗೆಯಲ್ಲಿ ಓಣಿಯ ತುಂಬ ಖಾರ ಕುಟ್ಟುವ ಘಾಟು, ಮಳೆಗಾಲದಲ್ಲಿ ಗೋಡೆಯ ಹಸಿ. ಬೈಲಹೊಂಗಲದ ಡಾಕ್ಟರರೊಬ್ಬರು ಒಮ್ಮೆ, ವರ್ಷದಲ್ಲಿ ಈಕೆಗೆ ಯಾವ ಕಾಲ ಆರಾಮ ಎಂದು ಅವ್ವನನ್ನು ಕೇಳಿದರು. ಅವ್ವ ಬಹಳ ಹೊತ್ತು ವಿಚಾರ ಮಾಡಿ, "ಯುಗಾದಿ ಮುಂದ ಒಂದೆರಡ್ ದಿನ ಛಲೋ ಇರ್ತಾಳ್ರಿ" ಎಂದಳು.

ಶಾಲೆಗೆ ಬಂದು ಪಿ.ಟಿ. ಮಾಸ್ತರರ ಮುಂದೆ ಕೈಮುಗಿದು ನಿಂತವಳೂ ಅವ್ವನೇ. "ಇಕೀನ್ನ ಓಡಸ್ಬ್ಯಾಡ್ರಿ ಸರ್. ಎಲ್ಲೆರ ಒಂದ್ ಕಡೆ ಕುಂದರಸ್ರಿ. ಉಸರು ಹಿಡದ್ರ ರಾತ್ರಿಯೆಲ್ಲಾ ನಾ ಎದೀ ತಿಕ್ಕೋಂತ ಕುಂದರಬೇಕ್ರಿ." ಮಾಸ್ತರರು ಕೆಟ್ಟವರಲ್ಲ. ಸುಮ್ಮನೆ ಕೂರಿಸಿದರೆ ಹುಡುಗಿಗೆ ಬೇಸರವಾದೀತೆಂದು ಒಂದು ಜವಾಬ್ದಾರಿ ಕೊಟ್ಟರು. ಅಂದಿನಿಂದ ನನ್ನನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ. ಚಪ್ಪಲಿ ಕಾಯುವಾಕಿ ಎಂದರೆ ಇಡೀ ಶಾಲೆಗೆ ನಾನೇ.

ಮಾಡುವ ಕೆಲಸವನ್ನು ಸರಿಯಾಗಿ ಮಾಡುವುದು ನನ್ನ ಹುಟ್ಟುಗುಣ. ಜೋಡಿ ಜೋಡಿ ಸಾಲಾಗಿ ಇಡುತ್ತಿದ್ದೆ. ಚಪ್ಪಲಿ ನೋಡಿಯೇ ಅದರ ಒಡತಿ ಹೇಗೆ ಆಡುತ್ತಾಳೆಂದು ಹೇಳಬಲ್ಲವಳಾದೆ. ತುದಿ ಸವೆದಿದ್ದರೆ ಓಡುತ್ತಾಳೆ. ಹಿಮ್ಮಡಿ ಸವೆದಿದ್ದರೆ ಓಡಿದ ಹಾಗೆ ಮಾಡುತ್ತಾಳೆ. ನನ್ನವು ಎಲ್ಲಿಯೂ ಸವೆದಿರಲಿಲ್ಲ. ವರ್ಷ ಮುಗಿದ ಮೇಲೂ ಅಂಗಡಿಯಿಂದ ತಂದ ಹಾಗೇ ಇರುತ್ತಿದ್ದವು, ಅವನ್ನು ಹಾಕಿಕೊಳ್ಳಲು ನಾಚಿಕೆಯಾಗುತ್ತಿತ್ತು.

ಒಂದು ದಿನ ಅವ್ವ ಹೊಲದಿಂದ ಮೇವಿನ ಹೊರೆ ಹೊತ್ತುಕೊಂಡು ಶಾಲೆಯ ಬೇಲಿಯ ಪಕ್ಕದಲ್ಲೇ ಹೊರಟಿದ್ದಳು. ನಿಂತಳು. ಹುಡುಗಿಯರೆಲ್ಲ ಮೈದಾನದಲ್ಲಿ ಕಿರುಚಿಕೊಂಡು ಓಡುತ್ತಿದ್ದರು. ನಾನು ಚಪ್ಪಲಿಗಳ ನಡುವೆ ಕುಳಿತಿದ್ದೆ. ಅವ್ವ ಅಂತ ಕೈ ಎತ್ತಿದೆ. ಅವಳು ಕೈ ಎತ್ತಲಿಲ್ಲ. ತಲೆಯ ಮೇಲೆ ಹೊರೆಯಿತ್ತು, ಅದಕ್ಕೇ ಇರಬೇಕು ಅಂದುಕೊಂಡೆ. ಸ್ವಲ್ಪ ಹೊತ್ತು ನೋಡಿ ಹೋದಳು. ಅಂದು ರಾತ್ರಿ ನನ್ನ ರೊಟ್ಟಿಯ ಮೇಲೆ ಬೆಣ್ಣೆ ಹೆಚ್ಚಾಗಿತ್ತು.

ನಾನು ಓದಿ ಟೀಚರಾದೆ. ದಮ್ಮು ಇದ್ದವಳು ಸೀಮೆಸುಣ್ಣದ ಕಡ್ಡಿ ಹಿಡಿದು ಹೊಟ್ಟೆ ಹೊರೆಯುವ ಕೆಲಸವನ್ನೇ ಆರಿಸಿಕೊಂಡಳಲ್ಲ ಎಂದು ನಗುವವರು ನಗಲಿ. ಆ ಹೊತ್ತಿಗೆ ಪಂಪು ಬಂದಿತ್ತು. ಬಾಯಿಗೆ ಇಟ್ಟು ಒತ್ತಿದರೆ ಔಷಧಿ ಎದೆಗೆ ಹೋಗುವ ಆ ನೀಲಿ ಪ್ಲಾಸ್ಟಿಕ್ಕಿನದು. ನಮ್ಮ ಕಡೆ ಪಂಪಿನ ಬಗ್ಗೆ ಒಂದೇ ಅಭಿಪ್ರಾಯ. ಅದು ಕಡೆಯ ಹಂತ. ಪಂಪು ಹಿಡಿದವರನ್ನು ಮುಂದೆ ನಾಲ್ಕು ಮಂದಿ ಹಿಡಿಯುತ್ತಾರೆ. ಅವ್ವ ಅದನ್ನು ಜೋಳದ ಕಣಜದಲ್ಲಿ ಮುಚ್ಚಿಟ್ಟಳು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಗಂಡಿನ ಅತ್ತಿಗೆ ಹಾಕಿಕೊಂಡ ಸೆಂಟಿನ ಘಾಟಿಗೆ ನನಗೆ ಉಬ್ಬಸ ಶುರುವಾಗಿ, ಒಳಗೆ ಹೋಗಿ ಮೊಣಕೈತನಕ ಜೋಳದಲ್ಲಿ ಕೈಯಾಡಿಸಿ ಪಂಪು ಹುಡುಕಬೇಕಾಯಿತು. "ಹುಡುಗಿ ಬಾಳ ನಾಚಕೋತಾಳ್ರಿ" ಎಂದು ಅವ್ವ ಹೊರಗೆ ಸಮಜಾಯಿಷಿ ಕೊಡುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು.

ಮದುವೆಯಾದ ಮೇಲೆ ಗಂಡ ಅದನ್ನು ನನ್ನ ಸೀರೆಗಳ ನಡುವೆ ಕಂಡ. "ಇದೇನ?" ಎಂದ. "ಪಂಪು" ಎಂದೆ. "ನಮ್ಮ ಕಾಕಾಗೂ ಐತಿ" ಎಂದು ಮಗ್ಗುಲಾದ. ಅವ್ವ ವರ್ಷಗಟ್ಟಲೆ ಹೆದರಿದ್ದ ಗಳಿಗೆ ಅಷ್ಟರಲ್ಲೇ ಮುಗಿದುಹೋಯಿತು. ಆದರೂ ತವರಿಗೆ ಹೋದಾಗ ಪಂಪು ಕಣಜಕ್ಕೇ ಹೋಗುತ್ತಿತ್ತು. ಓಣಿಯವರು ಏನೆಂದಾರು ಎಂಬ ಹೆದರಿಕೆಗೆ ಮದುವೆಯ ಗಡುವು ಇರುವುದಿಲ್ಲ.

ನನಗೆ ನಲವತ್ತು ದಾಟಿದ ಮೇಲೆ ಬೈಲಹೊಂಗಲಕ್ಕೆ ಒಬ್ಬ ಹೊಸ ಡಾಕ್ಟರಮ್ಮ ಬಂದಳು. ವಯಸ್ಸಿನಲ್ಲಿ ನನಗಿಂತ ಬಹಳ ಸಣ್ಣವಳು, ಬೈಯುವುದರಲ್ಲಿ ದೊಡ್ಡವಳು. ನಾನು ಪಂಪನ್ನು ಹೇಗೆ ಬಳಸುತ್ತೇನೆಂದು ಕೇಳಿದಳು. ಉಬ್ಬಸ ಬಂದಾಗ ನೀಲಿಯದನ್ನು ಹೊಡೆದುಕೊಳ್ಳುತ್ತೇನೆ, ಇನ್ನೊಬ್ಬ ಡಾಕ್ಟರು ಕೊಟ್ಟ ಕಂದು ಬಣ್ಣದ್ದು ಕಪಾಟಿನಲ್ಲಿದೆ, ಅದು ತಾಕತ್ತಿನದು ಎಂದು ಎತ್ತಿಟ್ಟಿದ್ದೇನೆ ಎಂದೆ.

"ಟೀಚರ್, ನೀವು ಮನಿಗೆ ಬೆಂಕಿ ಬಿದ್ದಾಗಷ್ಟ ನೀರು ಸೇದಾಕ ಹತ್ತೀರಿ" ಎಂದಳು. "ಕಂದು ಪಂಪು ದಿನಾ ಮುಂಜಾನಿ, ಸಂಜಿ. ಉಬ್ಬಸ ಇರ್ಲಿ, ಬಿಡ್ಲಿ. ತಗೊಂಡ ಮ್ಯಾಲೆ ಬಾಯಿ ಮುಕ್ಕಳಸ್ರಿ. ಮತ್ತ ನಡೀರಿ. ನಡದು ನಡದು ಸಾಕಾತಂದ್ರ ಓಡ್ರಿ."

"ನಾ ಓಡೂ ಹಂಗಿಲ್ರಿ" ಎಂದೆ.

"ಯಾರ್ ಹೇಳ್ಯಾರ?"

"ನಮ್ಮವ್ವ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ತಲೆ ಅರ್ಧ ನೆರೆತ, ಮಗಳನ್ನು ಕಾಲೇಜಿಗೆ ಸೇರಿಸಿದ ಹೆಂಗಸು ಇದನ್ನು ಹೇಳಿದಾಗ ಯಾರಾದರೂ ನೋಡುತ್ತಾರೆ. "ಓಡೋಕಿಂತ ಕಾಲು ತಾಸು ಮೊದ್ಲ ನೀಲಿ ಪಂಪು ತಗೋರಿ. ಯಾವಾಗ್ಲೂ ಜೋಡಿ ಇಟ್ಕೋರಿ, ಒಂದು ಕೆಟ್ರ ಇನ್ನೊಂದು" ಎಂದು ಬರೆದುಕೊಟ್ಟಳು.

ಕಂದು ಪಂಪು ಶುರುಮಾಡಿ ಕೆಲವು ವಾರಗಳಾದ ಮೇಲೆ ಒಂದು ದಿನ ಶಾಲೆಯ ಮೆಟ್ಟಿಲು ಹತ್ತಿ ನಿಂತೆ. ಏನೋ ಕಡಿಮೆಯಾಗಿದೆ ಅನಿಸಿತು. ಕರೆಂಟು ಹೋದಾಗ ಫ್ರಿಜ್ಜಿನ ಸದ್ದು ನಿಂತು, ಅಷ್ಟು ಹೊತ್ತೂ ಸದ್ದಿತ್ತು ಎಂಬುದು ಆಗ ಗೊತ್ತಾಗುತ್ತದಲ್ಲ, ಹಾಗೆ. ನನ್ನ ಎದೆ ಸುಮ್ಮನಿತ್ತು. ಅಲ್ಲೇ ನಿಂತು ಅತ್ತೆ. ಒಂದನೇ ತರಗತಿಯ ಹುಡುಗಿಯೊಂದು ಬಂದು, "ಟೀಚರ್, ಬಿದ್ರ್ಯಾ?" ಎಂದು ಕೇಳಿತು.

ನಾನು ಕೆಲಸ ಮಾಡುವುದು ಕಿತ್ತೂರಿನ ಹತ್ತಿರದ ಹಳ್ಳಿಯಲ್ಲಿ, ಮನೆ ಕಿತ್ತೂರಿನಲ್ಲಿ. ಹೈವೇ ಬದಿಯ ರಸ್ತೆಯಲ್ಲಿ ಓಡಲು ಹೋಗಿ ಲಾರಿಯ ಹೊಗೆಗೆ ಮೊದಲ ದಿನವೇ ಕುಕ್ಕರಿಸಿದೆ. ಆಮೇಲೆ ಹೊಲದ ದಾರಿ ಹಿಡಿದೆ. ಗಂಡ ಸ್ಕೂಟರಿನಲ್ಲಿ ಹಿಂದೆ ಬರುತ್ತಿದ್ದ. ಕಿಸೆಯಲ್ಲಿ ನನ್ನ ಪಂಪು, ಬಾಯಲ್ಲಿ ತನ್ನ ಅಡಿಕೆ. ಮುಂದೆ ಹೆಂಡತಿ ಓಡುವುದು, ಹಿಂದೆ ಗಂಡ ಸ್ಕೂಟರಿನಲ್ಲಿ ಬೆನ್ನಟ್ಟುವುದು, ನೋಡಿದವರಿಗೆ ಅದೊಂದು ಸಂಸಾರದ ಜಗಳ. ಹೊಲದಲ್ಲಿದ್ದ ಅಜ್ಜನೊಬ್ಬ ಗಂಡನನ್ನು ತಡೆದು ನಿಲ್ಲಿಸಿ, "ತಮ್ಮಾ, ಹೋಗ್ಲಿ ಬಿಡಪಾ, ಹೆಣಮಗಳು" ಎಂದು ಬುದ್ಧಿ ಹೇಳಿದ. ಗಂಡ ಅದಕ್ಕೂ ಆತು ಬಿಡ್ರಿ ಎಂದ. ಅವನ ಸ್ವಭಾವವೇ ಅದು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಸರ್ಕಾರಿ ನೌಕರರಿಗೆ ವರ್ಷಕ್ಕೊಮ್ಮೆ ಕ್ರೀಡಾಕೂಟ ಇರುತ್ತದೆ. ತಾಲೂಕಿನಲ್ಲಿ ಗೆದ್ದವರು ಜಿಲ್ಲೆಗೆ, ಜಿಲ್ಲೆಯಲ್ಲಿ ಮೊದಲು ಬಂದವರು ರಾಜ್ಯಕ್ಕೆ. ನಲವತ್ತು ದಾಟಿದ ಮಹಿಳೆಯರ ಎಂಟುನೂರು ಮೀಟರ್ ಓಟಕ್ಕೆ ಕಿತ್ತೂರಿನಲ್ಲಿ ನಿಂತವರು ಮೂವರು. ಒಬ್ಬರು ಸೀರೆಯಲ್ಲಿದ್ದರು. ಇನ್ನೊಬ್ಬರಿಗೆ ಅರ್ಧದಲ್ಲಿ ಸಾಹೇಬರ ಫೋನು ಬಂತು, ನಿಂತು ಮಾತಾಡಿದರು. ನಾನು ಗೆದ್ದೆ. ಗೆದ್ದದ್ದು ಗೆದ್ದದ್ದೇ, ಅದರಲ್ಲಿ ನಾಚಿಕೆ ಏನು?

ಗಂಡ ಅದರ ವಿಡಿಯೋ ಮಾಡಿ ಅವ್ವನಿಗೆ ತೋರಿಸಿಬಿಟ್ಟ. ನಾನು ಓಡುವ ಸುದ್ದಿ ಅಲ್ಲಿಯತನಕ ಅವಳಿಗೆ ಗೊತ್ತಿರಲಿಲ್ಲ. ಅವ್ವ ಫೋನನ್ನು ಮೂಗಿನ ಹತ್ತಿರ ಹಿಡಿದು ಪೂರ್ತಿ ನೋಡಿದಳು.

"ಪಂಪ್ ಎಲ್ಲಿತ್ತ?" ಎಂದು ಕೇಳಿದಳು.

"ಅವರ ಕಿಸೇದಾಗ."

"ನಾಲ್ಕ್ ಮಂದಿ ಮುಂದ ತಗೊಂಡ್ಯಾ?"

"ಹೂಂ."

"ಓಡಿದ್ದ ಸಾಕಿನ್ನ. ಉಸರಿದ್ರ ಎಲ್ಲಾ" ಎಂದು ಫೋನು ವಾಪಸ್ಸು ಕೊಟ್ಟು ಹಿಟ್ಟು ನಾದಲು ಹೋದಳು. ಅವಳ ಹಿಟ್ಟು ನಾದುವ ಸದ್ದಿನ ಮೇಲೆ ಸಿಟ್ಟು ಎಷ್ಟಿದೆಯೆಂದು ಹೇಳಬಹುದು. ಅಂದು ಬಹಳ ಇತ್ತು.

ಪದಕ ಬೇಕಿರಲಿಲ್ಲ ಎಂದರೆ ಸುಳ್ಳಾದೀತು. ಬೇಕಿತ್ತು. ರಾಜ್ಯಕೂಟಕ್ಕೆ ಹೋಗಿ ಬೆನ್ನ ಮೇಲೆ ಜಿಲ್ಲೆಯ ಹೆಸರು ಹಾಕಿಕೊಂಡು ಓಡುವ ಆಸೆ ಒಳಗೊಳಗೇ ಬೇರು ಬಿಟ್ಟಿತ್ತು. ಆದರೆ ಅದಕ್ಕಿಂತ ಹೆಚ್ಚಾಗಿ ಅವ್ವನ ಕಣ್ಣ ಮುಂದೆ ಒಮ್ಮೆ ಓಡಿ ಗೆಲ್ಲಬೇಕಿತ್ತು. ಫೋನಿನಲ್ಲಲ್ಲ, ಎದುರಿಗೆ. ಅವಳು ಕೂರಿಸಿದ್ದು ನನ್ನನ್ನು, ಎಬ್ಬಿಸಬೇಕಾದವಳೂ ಅವಳೇ ಎಂಬ ಹಟ ನನಗೆ.

ಜಿಲ್ಲಾಕೂಟ ಆ ವರ್ಷ ರಾಮದುರ್ಗದಲ್ಲಿ. ದಸರೆ ಮುಗಿದ ಮರುದಿನವೇ ಇಟ್ಟಿದ್ದರು. ಹೋಳಿಗೆ ತಿಂದ ಹೊಟ್ಟೆಯಲ್ಲಿ ಯಾರು ಓಡುತ್ತಾರೆಂದು ವಿಚಾರ ಮಾಡುವುದು ಯಾವ ಇಲಾಖೆಗೆ ಬರುತ್ತದೋ ಗೊತ್ತಿಲ್ಲ. ಹಬ್ಬಕ್ಕೆ ನಾನು, ಗಂಡ ತವರಿಗೆ ಬಂದಿದ್ದೆವು. ಖಂಡೇನವಮಿಯ ದಿನ ಮನೆಯಲ್ಲಿ ಕೆಲಸ ಮಾಡುವ ಪ್ರತಿ ವಸ್ತುವಿಗೂ ಪೂಜೆ. ಅಣ್ಣನ ಟ್ರ್ಯಾಕ್ಟರು, ಮೋಟರ್ ಸೈಕಲ್ಲು, ಕುಡುಗೋಲು, ಹೊಲಿಗೆ ಯಂತ್ರ, ಮಿಕ್ಸರು, ಅವ್ವನ ಬೀಸುಕಲ್ಲು. ನಾನು ಸ್ನಾನ ಮಾಡಿ ಪಡಸಾಲೆಗೆ ಬಂದು ನೋಡಿದರೆ ನಡುವೆ ಮಣೆ ಹಾಕಿ, ಮಣೆಯ ಮೇಲೆ ನನ್ನ ಎರಡು ನೀಲಿ ಪಂಪುಗಳನ್ನು ಅವ್ವ ನಿಲ್ಲಿಸಿದ್ದಾಳೆ. ವಿಭೂತಿ, ಕುಂಕುಮ, ಸೇವಂತಿಗೆ ಮಾಲೆ. ಒಂದೊಂದಕ್ಕೆ ಒಂದೊಂದು ನಿಂಬೆಹಣ್ಣು. ಕಂದು ಪಂಪಿಗೆ ಮಾತ್ರ ಪೂಜೆ ತಪ್ಪಿತ್ತು, ಅದು ನನ್ನ ದಿಂಬಿನ ಕೆಳಗಿತ್ತು.

ಓಣಿಯ ಹೆಂಗಸರೆಲ್ಲ ಆರತಿಗೆ ಬಂದರು. ಪಕ್ಕದ ಮನೆಯಾಕೆ ಬಗ್ಗಿ ನೋಡಿ, "ಇದೇನಬೇ ಇದು?" ಎಂದಳು. ನಾನು ಉಸಿರು ಬಿಗಿಹಿಡಿದೆ. ಇಷ್ಟು ವರ್ಷ ಜೋಳದಲ್ಲಿ ಹೂತಿಟ್ಟದ್ದು ಇವರಿಗೆ ಹೆದರಿಯೇ ಅಲ್ಲವೆ?

"ನನ್ನ ಮಗಳ ಆಯುಧ" ಎಂದಳು ಅವ್ವ, ಆರತಿ ತಟ್ಟೆಯಿಂದ ಕಣ್ಣೆತ್ತದೆ.

ಪಂಪಿಗೆ ನಾನೂ ಕೈಮುಗಿದೆ. ಪೂಜೆಗಿಟ್ಟ ಆಯುಧವನ್ನು ದಸರೆ ಮುಗಿಯುವತನಕ ಮುಟ್ಟುವ ಹಾಗಿಲ್ಲ ಎಂದಳು ಅವ್ವ, ನಾನು ಮುಟ್ಟಲಿಲ್ಲ. ಮರುದಿನ ಬನ್ನಿ ಹಂಚಿ ಬಂಗಾರದ ಹಾಗೆ ಇರೋಣ ಎಂದು ಊರೆಲ್ಲ ಹೇಳಿಸಿಕೊಂಡು ಬಂದೆ. ಅದರ ಮರುದಿನ ನಸುಕಿನಲ್ಲಿ ಅವ್ವ ತಾನೇ ಪಂಪುಗಳನ್ನು ಒರೆಸಿ ನನ್ನ ಬ್ಯಾಗಿನಲ್ಲಿಟ್ಟಳು. ಆಮೇಲೆ ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಉಟ್ಟುಕೊಂಡು ಅಂಗಳಕ್ಕೆ ಬಂದು ನಿಂತಳು.

"ಯಾವ ಲಗ್ನಕ್ಕಬೇ?" ಎಂದೆ.

"ನಾನೂ ಬರ್ತೇನಿ. ಸಾಯೂದಿದ್ರ ನನ್ನ ಮುಂದ ಸಾಯಿ" ಎಂದು ನಾವು ಗೊತ್ತು ಮಾಡಿದ್ದ ಬಾಡಿಗೆ ಕಾರಿನಲ್ಲಿ ಕುಳಿತಳು.

ರಾಮದುರ್ಗದ ಮೈದಾನದಲ್ಲಿ ಶಾಮಿಯಾನ, ಮೈಕು, ಚಹಾ ಎಲ್ಲ ತಯಾರಿತ್ತು. ಓಟದ ಗೆರೆಗಳನ್ನು ಸುಣ್ಣದ ಪುಡಿಯಿಂದ ಹಾಕಿದ್ದರು, ಗಾಳಿಗೆ ಅದು ಎದ್ದು ಹಾರುತ್ತಿತ್ತು. ನನ್ನ ಎದುರಾಳಿ ಯಾರೆಂದು ಬಂದ ಕೂಡಲೇ ಗೊತ್ತಾಯಿತು. ಸವದತ್ತಿ ಕಡೆಯ ಒಬ್ಬ ತಲಾಠಿ, ಅಂದರೆ ಗ್ರಾಮ ಲೆಕ್ಕಿಗಳು, ಉದ್ದನೆಯ ಹೆಂಗಸು, ಹಿಂದಿನ ವರ್ಷ ರಾಜ್ಯಕ್ಕೆ ಹೋಗಿ ಬಂದವಳು. ಹೊಲ ಅಳತೆಗೆಂದು ತಿರುಗಿ ತಿರುಗಿ ಕಾಲು ಕಬ್ಬಿಣವಾಗಿದ್ದವು. ನನ್ನನ್ನು ನೋಡಿ ಬಹಳ ಪ್ರೀತಿಯಿಂದ ನಕ್ಕಳು. ಅದು ನನಗೆ ಸರಿಬರಲಿಲ್ಲ. ಹೆದರಿಕೆ ಇರುವವರು ಹಾಗೆ ನಗುವುದಿಲ್ಲ.

ಮೈ ಬಿಸಿ ಮಾಡಿಕೊಳ್ಳಲು ಚಪ್ಪಲಿಯಲ್ಲೇ ನಿಧಾನವಾಗಿ ಓಡಾಡಿದೆ. ಓಟಕ್ಕೆ ಕಾಲು ತಾಸು ಇದೆ ಎಂದು ಮೈಕಿನಲ್ಲಿ ಹೇಳಿದರು. ಬ್ಯಾಗಿನಿಂದ ಪಂಪು ತೆಗೆದು, ಅಲುಗಾಡಿಸಿ, ಮುಚ್ಚಳ ತೆಗೆದು, ಉಸಿರೆಲ್ಲ ಹೊರಹಾಕಿ, ಬಾಯಿಗಿಟ್ಟು ಒತ್ತಿ ಒಳಗೆ ಎಳೆದೆ.

ಭಂಡಾರ. ಸವದತ್ತಿ ಎಲ್ಲಮ್ಮನ ಗುಡ್ಡದಿಂದ ತಂದ ಅರಿಶಿನದ ಭಂಡಾರ. ಅದು ನೇರವಾಗಿ ನನ್ನ ಗಂಟಲಿಗೆ ಹೋಯಿತು. ಕೆಮ್ಮಿದೆ. ಬಾಯಿಂದ ಹಳದಿ ಹೊಗೆ ಬಂತು. ಮತ್ತೆ ಕೆಮ್ಮಿದೆ, ಮತ್ತೆ ಹಳದಿ. ಚಹಾ ಕುಡಿಯುತ್ತಿದ್ದವರೆಲ್ಲ ಲೋಟ ಹಿಡಿದುಕೊಂಡೇ ತಿರುಗಿ ನೋಡಿದರು.

"ಅವ್ವಾ!" ಎಂದೆ, ಎನ್ನಲು ಆದಾಗ. "ಏನ್ ಹಾಕೀಯಬೇ ಇದರಾಗ?"

"ಒಂದ್ ಚಿಟಿಕಿ ಭಂಡಾರ. ಬೀಸೂಕಲ್ಲಿನ ಬಾಯಾಗ ಹಾಕೂದಿಲ್ಲಾ, ಹಂಗ. ಬಾಯಿಗೆ ಹಾಕದ ಪೂಜಿ ಎಂಥಾ ಪೂಜಿ?"

ಡಾಕ್ಟರಮ್ಮನ ಬುದ್ಧಿ ನೆನಪಾಗಿ ಎರಡನೆಯ ಪಂಪು ತೆಗೆದು ಮುಚ್ಚಳ ಬಿಚ್ಚಿದೆ. ಅದರ ಬಾಯೂ ಹಳದಿ.

"ಎರಡಕ್ಕೂ ಹಾಕೇನಿ" ಎಂದಳು ಅವ್ವ. ಈ ಸಲ ದನಿ ಸಣ್ಣದಾಗಿತ್ತು. "ಒಂದಕ್ಕ ಹಾಕಿ ಒಂದಕ್ಕ ಬಿಡ್ತಾರೇನ?"

ಗಂಡ ಔಷಧಿ ಅಂಗಡಿ ಹುಡುಕಿಕೊಂಡು ಪೇಟೆಗೆ ಓಡಿದ. ಹಬ್ಬದ ಮರುದಿನ ಯಾವ ಅಂಗಡಿ ಯಾವಾಗ ತೆರೆಯುತ್ತದೆಂದು ಅಂಗಡಿಯವನಿಗೇ ಗೊತ್ತಿರುವುದಿಲ್ಲ. ನನ್ನ ಎದೆಯಲ್ಲಿ ಸಿಳ್ಳೆ ಶುರುವಾಯಿತು. ಹಳೆಯ ಗುರುತಿನ ಸಿಳ್ಳೆ. ಮೈಕಿನಲ್ಲಿ ಎಂಟುನೂರು ಮೀಟರಿನವರು ಬರಬೇಕೆಂದು ಕರೆದರು. ಅಷ್ಟರಲ್ಲಿ ಕುತ್ತಿಗೆಗೆ ಸೀಟಿ ಹಾಕಿಕೊಂಡ ನಿರ್ಣಾಯಕರೊಬ್ಬರು ಬಂದರು.

"ಟೀಚರ್, ಏನೋ ಸೇದಿದ್ರಂತ. ಕಂಪ್ಲೇಂಟ್ ಬಂದೈತಿ. ತಾಕತ್ತಿನ ಪುಡಿ ಗಿಡಿ ತಗೊಂಡು ಓಡೂ ಹಂಗಿಲ್ಲ ನೋಡ್ರಿ."

ನನಗೆ ಮಾತಾಡಲು ಉಸಿರಿರಲಿಲ್ಲ. ಅವ್ವ ಮುಂದೆ ಬಂದಳು. "ಭಂಡಾರ ಐತ್ರಿ ಅದು. ಎಲ್ಲವ್ವಂದು. ಅದರಾಗ ತಾಕತ್ತಿಲ್ಲಂತ ನೀವ ಬರದ ಕೊಡ್ರಿ, ನಾ ಗುಡ್ಡಕ್ಕ ಹೋಗಿ ಆಕೀ ಮುಂದ ಓದಿ ಬರ್ತೇನಿ."

ನಿರ್ಣಾಯಕರು ನನ್ನ ಹಳದಿ ಬಾಯಿ ನೋಡಿದರು, ಅವ್ವನ ಹಣೆ ನೋಡಿದರು. ಎರಡೂ ಕೈ ಕೆನ್ನೆಗೆ ಮುಟ್ಟಿಸಿಕೊಂಡು, "ತಪ್ಪಾತ್ರಿ ಯವ್ವಾ" ಎಂದು ಹಿಂದಕ್ಕೆ ಸರಿದರು. ಇನ್ನು ಓಡಬಹುದಿತ್ತು. ಉಸಿರಿದ್ದರೆ.

ಮೈದಾನದ ಮೂಲೆಯಲ್ಲಿ ನಲ್ಲಿ ಇತ್ತು. ಪಂಪಿನೊಳಗಿನ ಔಷಧಿಯ ಲೋಹದ ಡಬ್ಬಿಯನ್ನು ಎಳೆದರೆ ಹೊರಗೆ ಬರುತ್ತದೆ, ಪ್ಲಾಸ್ಟಿಕ್ಕಿನ ಗೂಡನ್ನು ತೊಳೆಯಬಹುದು. ಡಬ್ಬಿಯನ್ನು ಅವ್ವನ ಮುಷ್ಟಿಯಲ್ಲಿಟ್ಟು ಗೂಡನ್ನು ನೀರಿಗೆ ಹಿಡಿದೆ. ಹಳದಿ ನೀರು ಹರಿಯಿತು, ಆಮೇಲೆ ತಿಳಿನೀರು. ಆದರೆ ಹಸಿ ಇದ್ದರೆ ಔಷಧಿ ಸರಿಯಾಗಿ ಬರುವುದಿಲ್ಲ, ಒಣಗಬೇಕು. ಅವ್ವ ಅದನ್ನು ನನ್ನ ಕೈಯಿಂದ ಕಸಿದುಕೊಂಡಳು. ಇಳಕಲ್ ಸೀರೆಯ ಸೆರಗಿನ ತುದಿಯನ್ನು, ಲಗ್ನಗಳಲ್ಲಿ ಯಾರೂ ಮುಟ್ಟದ ಹಾಗೆ ಕಾಪಾಡಿಕೊಂಡು ಬಂದ ಆ ಕೆಂಪು ಸೆರಗನ್ನು, ಬತ್ತಿಯ ಹಾಗೆ ಹೊಸೆದು ಒಳಗೆ ತುರುಕಿ ಒರೆಸಿದಳು. ಬಾಯಿಂದ ಊದಿದಳು, ಬಿಸಿಲಿಗೆ ಹಿಡಿದಳು, ಮತ್ತೆ ಊದಿದಳು. ಸುತ್ತಲೂ ನಾಲ್ಕು ತಾಲೂಕಿನ ಮಂದಿ ನಿಂತು ನೋಡುತ್ತಿದ್ದರು. ಅವಳು ಯಾರ ಕಡೆಗೂ ನೋಡಲಿಲ್ಲ.

ಇಷ್ಟೆಲ್ಲ ಆದರೂ ಗಂಡ ಪೇಟೆಯಿಂದ ಬಂದಿರಲಿಲ್ಲ. ಓಟವೂ ಶುರುವಾಗಿರಲಿಲ್ಲ, ಯಾಕೆಂದರೆ ಮುಖ್ಯ ಅತಿಥಿಗಳು ಬಂದಿರಲಿಲ್ಲ. ನನ್ನ ಸರ್ವೀಸಿನಲ್ಲಿ ಎಷ್ಟೋ ಮುಖ್ಯ ಅತಿಥಿಗಳನ್ನು ಬಿಸಿಲಲ್ಲಿ ಮಕ್ಕಳನ್ನು ನಿಲ್ಲಿಸಿಕೊಂಡು ಕಾದಿದ್ದೇನೆ, ಒಳಗೊಳಗೇ ಶಾಪ ಹಾಕಿದ್ದೇನೆ. ಅವತ್ತು ಆ ಪುಣ್ಯಾತ್ಮ ಇನ್ನಷ್ಟು ತಡಮಾಡಲಿ, ಅವನ ಮನೆ ತಣ್ಣಗಿರಲಿ ಎಂದು ಮನಸಾರೆ ಹಾರೈಸಿದೆ.

ಡಬ್ಬಿ ಸೇರಿಸಿ ಗಾಳಿಗೆ ಒಮ್ಮೆ ಒತ್ತಿದೆ. ಬಿಳಿ ಹೊಗೆ ಬಂತು. ಬಾಯಿಗಿಟ್ಟು ಎಳೆದು ಉಸಿರು ಹಿಡಿದೆ. ಅವ್ವ ನನ್ನ ಎದುರಿಗೆ ನಿಂತು ತಾನೂ ಬಾಯಿ ಮುಚ್ಚಿ ಉಸಿರು ಹಿಡಿದಳು. ನಾನು ಬಿಟ್ಟಾಗ ಬಿಟ್ಟಳು. ಮತ್ತೊಮ್ಮೆ ಎಳೆದೆ, ಮತ್ತೊಮ್ಮೆ ಇಬ್ಬರೂ. ಸಿಳ್ಳೆ ನಿಧಾನವಾಗಿ ಇಳಿಯಿತು, ಪೂರ್ತಿ ನಿಲ್ಲಲಿಲ್ಲ. ಕಾರು ಬಂದ ಸದ್ದು, ಚಪ್ಪಾಳೆ, ಮೈಕು ಎಲ್ಲ ಒಟ್ಟಿಗೇ ಆಯಿತು.

ಈಗ ಬೇಡ ಎನ್ನುತ್ತಾಳೆ ಅಂದುಕೊಂಡೆ. ಅವಳಿಗೆ ಪೂರ್ತಿ ಹಕ್ಕಿತ್ತು. ಅಂದಿದ್ದರೆ ಏನು ಮಾಡುತ್ತಿದ್ದೆನೋ, ಇವತ್ತಿಗೂ ಗೊತ್ತಿಲ್ಲ. ಅವ್ವ ನನ್ನ ಎದೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ನನ್ನ ಕಾಲು ನೋಡಿದಳು.

"ಬೂಟ್ ಹಾಕ್ಕೊಳಂಗಿದ್ರ ಲಗೂನ ಹಾಕ್ಕೋ" ಎಂದಳು. "ಚಪ್ಪಲ್ ಇಲ್ಲಿ ಕೊಡು."

ಸೀಟಿ ಊದಿದ ಕೂಡಲೇ ತಲಾಠಿ ಬಾಣದ ಹಾಗೆ ಹೋದಳು, ಅವಳ ಹಿಂದೆ ಉಳಿದವರು. ಒಳಗೆರೆಯಲ್ಲಿ ಅವರ ಕಾಲಿಗೆ ಸುಣ್ಣ ಎದ್ದಿತು. ನಾನು ಸುಣ್ಣ ತಪ್ಪಿಸಿಕೊಂಡು ಹೊರಗಿನಿಂದ ಓಡಿದೆ. ಅಂದರೆ ಎಲ್ಲರಿಗಿಂತ ಹಿಂದೆ ಇದ್ದವಳು ಎಲ್ಲರಿಗಿಂತ ಹೆಚ್ಚು ದೂರವನ್ನೂ ಓಡುತ್ತಿದ್ದೆ. "ಟೀಚರ್, ಗೆರಿ ಈ ಕಡೆ ಐತ್ರಿ!" ಎಂದು ಯಾರೋ ಬುದ್ಧಿವಂತ ಕೂಗಿದ.

ದಮ್ಮು ಇದ್ದವರಿಗೆ ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದೇ ಕಷ್ಟ. ಹಳೆಯ ಗಾಳಿ ಹೊರಗೆ ಹೋಗದೆ ಹೊಸದಕ್ಕೆ ಜಾಗವಿರುವುದಿಲ್ಲ. ಬಿಡು, ಬಿಡು ಎಂದುಕೊಂಡು ಓಡಿದೆ. ಮೊದಲ ಸುತ್ತು ಮುಗಿದಾಗ ಕೊನೆಯವಳಾಗಿದ್ದೆ. ಎರಡನೆಯ ಸುತ್ತಿನ ಅರ್ಧದಲ್ಲಿ ಮುಂದಿನವರು ಒಬ್ಬೊಬ್ಬರಾಗಿ ನಡೆಯತೊಡಗಿದರು, ಸೊಂಟಕ್ಕೆ ಕೈಕೊಟ್ಟು, ಬಾಯಿ ತೆರೆದು. ಅವರನ್ನು ದಾಟಿದೆ. ಕೊನೆಯ ತಿರುವಿನಲ್ಲಿ ತಲಾಠಿಯ ಬೆನ್ನು ಸಿಕ್ಕಿತು. ಅವಳ ಎದೆಯಿಂದ ಬರುತ್ತಿದ್ದ ಸದ್ದು ಕೇಳಿಸಿತು. ಉಸಿರು ಸಾಲದೆ ಆಗುವ ಗಾಬರಿ ಅವಳ ಕತ್ತಿನಲ್ಲಿ ಕಾಣುತ್ತಿತ್ತು. ಉಸಿರು ಸಾಲದ್ದು ಅವಳಿಗೆ ಹೊಸದು, ನನಗೆ ಮನೆಯದು. ನಾನು ಹುಟ್ಟಿದಾಗಿನಿಂದ ಅದರ ಜೊತೆಗೇ ಉಂಡು ಮಲಗಿ ಎದ್ದವಳು, ಅದಕ್ಕೆ ಹೆದರಿ ನಿಲ್ಲುವ ಪ್ರಶ್ನೆ ಇರಲಿಲ್ಲ. ಹೊರಗಿನಿಂದಲೇ ಅವಳನ್ನು ದಾಟಿ ಹಗ್ಗಕ್ಕೆ ಎದೆಕೊಟ್ಟೆ.

ಆಮೇಲೆ ಸ್ವಲ್ಪ ಹೊತ್ತು ಹುಲ್ಲಿನ ಮೇಲೆ ಕುಳಿತು ಸಿಳ್ಳೆ ಹೊಡೆದೆ. ಪಂಪು ತೆಗೆದುಕೊಂಡೆ, ಎಲ್ಲರೆದುರಿಗೇ. ಪಕ್ಕದಲ್ಲಿ ಬಿದ್ದುಕೊಂಡಿದ್ದ ತಲಾಠಿ ಒಂದು ಕಣ್ಣು ತೆರೆದು, "ಟೀಚರ್, ಆ ಭಂಡಾರ ನನಗೂ ಒಂದೀಟ ಕೊಡ್ರಿ" ಎಂದಳು. ನನ್ನ ಹೆಸರನ್ನು ಮೈಕಿನಲ್ಲಿ ಕೂಗಿದರು. ತಪ್ಪಾಗಿ ಕೂಗಿದರು, ಆದರೂ ಹೆಸರೇ ಕೂಗಿದರು. ನನಗೆ ಅಷ್ಟು ಸಂತೋಷ ಮಗಳು ಹುಟ್ಟಿದಾಗ ಬಿಟ್ಟರೆ ಇನ್ನೊಮ್ಮೆ ಆಗಿರಲಿಲ್ಲ.

ಅವ್ವನನ್ನು ಹುಡುಕಿದೆ. ನಲ್ಲಿಯ ಪಕ್ಕದ ಗಿಡದ ಕೆಳಗೆ ಮೈದಾನಕ್ಕೆ ಬೆನ್ನು ಮಾಡಿ ಕುಳಿತಿದ್ದಳು. ಸೆರಗಿನ ತುದಿಯಲ್ಲಿ ದೊಡ್ಡ ಹಳದಿ ಕಲೆ. ಮಡಿಲಲ್ಲಿ, ಇಳಕಲ್ ಸೀರೆಯ ಮೇಲೆ, ನನ್ನ ಧೂಳು ಹಿಡಿದ ಚಪ್ಪಲಿಗಳನ್ನು ಇಟ್ಟುಕೊಂಡು ಎರಡೂ ಕೈಯಿಂದ ಹಿಡಿದಿದ್ದಳು. ತಾಯಿಯ ಮಡಿಲಲ್ಲಿ ಮಗಳ ಚಪ್ಪಲಿ! ನನಗೆ ಮೈ ಜುಮ್ಮೆಂದಿತು.

"ಅಯ್ಯ ಶಿವನ, ಕೆಳಗಿಡಬೇ. ಚಪ್ಪಲ್ ಅವು."

"ಇರ್ಲಿ ಬಿಡು."

"ನಾ ಗೆದ್ನಿ."

"ಗೊತ್ತೈತಿ. ಮೈಕಿನ್ಯಾಗ ಹೇಳಿದ್ರು."

"ನೋಡಲಿಲ್ಲಾ?"

ಅವ್ವ ಇಲ್ಲ ಎಂದು ತಲೆಯಾಡಿಸಿದಳು. ನನಗೆ ಸಿಟ್ಟು ಬಂತು, ಅಳುವೂ ಬಂತು. ಇಷ್ಟೆಲ್ಲ ಮಾಡಿದ್ದು ಅವಳ ಕಣ್ಣಿಗಾಗಿ. ಎದುರಿಗೆ ಕುಳಿತೆ. ಅವಳು ನನ್ನ ಎಡಗಾಲನ್ನು ಎಳೆದುಕೊಂಡು ಬೂಟಿನ ದಾರ ಬಿಚ್ಚಿ, ಚಪ್ಪಲಿಯನ್ನು ಸೀರೆಯಿಂದ ಒರೆಸಿ ಕಾಲಿಗೆ ಹಾಕಿದಳು.

"ಆವತ್ತ ಬೇಲಿ ಹೊರಗ ನಿಂತು ನೋಡಿದ್ನಲ್ಲಾ" ಎಂದಳು. "ಕುಂದರಸ್ರಿ ಅಂತ ಮಾಸ್ತರಗ ಹೇಳಿದಾಕಿ ನಾನ. ಮಂದೀ ಚಪ್ಪಲ್ ನಡುವ ಕುಂದರಸ್ತಾರಂತ ನನಗ ಗೊತ್ತಿರಲಿಲ್ಲ."

ಬಲಗಾಲನ್ನು ಎಳೆದುಕೊಂಡಳು.

"ಹೆಂಗ್ ನೋಡ್ಲಿ?" ಎಂದಳು. "ಚಪ್ಪಲ್ ಬಿಟ್ಟು ಆ ಕಡೆ ಕಣ್ಣ ತಗದ್ರ ನಾಯಿ ಒಯ್ಯತೈತಿ. ಒಮ್ಮೆರ ನಾನೂ ಕಾಯಬೇಕಲ್ಲಾ."